ನೆಟ್ ಚೆನ್ನಾಗಿದ್ದರೂ ಮಾನಿಟರ್‌ನಲ್ಲಿ ವಿಡಿಯೋ ಮಸುಕು: ನಾನು ಸರಿಪಡಿಸಿಕೊಂಡ ಬಗೆ

ತುಮಕೂರಿನ ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಟಿವಿ ಇಲ್ಲ. ನೋಡುವುದೆಲ್ಲ ಕಂಪ್ಯೂಟರ್ ಮಾನಿಟರ್‌ನಲ್ಲೇ. ಚಿತ್ರ ಮಸುಕಾಗಿ ಬರತೊಡಗಿದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ನೆಟ್ ಪ್ಲಾನ್ ಬದಲಾಯಿಸಿ. ಆದರೆ 1080ಪಿ (ಫುಲ್ ಎಚ್‌ಡಿ) ವಿಡಿಯೋಗೆ ನೆಟ್‌ಫ್ಲಿಕ್ಸ್ ಹೇಳುವುದೇ 5 ಎಂಬಿಪಿಎಸ್ ವೇಗ. ನಮ್ಮಲ್ಲಿ ಅದರ ಎಷ್ಟೋ ಪಟ್ಟು ಬರುತ್ತಿತ್ತು. ಹಾಗಾಗಿ ದುಡ್ಡು ಸುರಿಯುವ ಮೊದಲು ತೊಂದರೆ ಎಲ್ಲಿದೆ ಅಂತ ಹುಡುಕಲು ಕೂತೆ.

ಪರೀಕ್ಷೆಗೆ ಯೂಟ್ಯೂಬ್‌ನಲ್ಲಿ ಮಧುಗಿರಿ ಬೆಟ್ಟದ ಒಂದು ಡ್ರೋನ್ ವಿಡಿಯೋ ಆರಿಸಿಕೊಂಡೆ. ಬಂಡೆಯ ಮೇಲೆ ಮಳೆನೀರು ಇಳಿದ ಕಪ್ಪು ಗೆರೆಗಳಿವೆ, ಕೋಟೆ ಗೋಡೆಯಲ್ಲಿ ಕಲ್ಲಿನ ಸಂದುಗಳಿವೆ. ಚಿತ್ರ ಕೆಟ್ಟರೆ ಮೊದಲು ಕಲಸಿಹೋಗುವುದು ಇಂಥವೇ. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದೆ. ಯಾವ ರೆಸಲ್ಯೂಶನ್ (ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕಿ) ಬರುತ್ತಿದೆ, ಎಷ್ಟು ಫ್ರೇಮ್ (ವಿಡಿಯೋದ ಒಂದೊಂದು ಬಿಡಿ ಚಿತ್ರ) ಬಿಟ್ಟುಹೋಗುತ್ತಿದೆ, ಎಲ್ಲ ಅಲ್ಲಿ ಸಿಗುತ್ತದೆ. 'ಆಟೋ' ತೆಗೆದು ಕ್ವಾಲಿಟಿಯನ್ನು 1080ಪಿಗೆ ನಿಲ್ಲಿಸಿದೆ. ಅಲ್ಲಿ 1920x1080 ಅಂತ ಬಂತು, ಫ್ರೇಮ್ ಒಂದೂ ಬಿಡಲಿಲ್ಲ. ಆದರೂ ಬಂಡೆಯ ಗೆರೆಗಳು ಕಲಸಿಕೊಂಡೇ ಇದ್ದವು.

ಅಂದರೆ ಕಂಪ್ಯೂಟರ್‌ವರೆಗೆ ವಿಡಿಯೋ ಸರಿಯಾಗೇ ಬರುತ್ತಿದೆ, ಕೆಡುತ್ತಿರುವುದು ಅಲ್ಲಿಂದ ಮುಂದೆ. ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಈ ಒಂದು ತೀರ್ಮಾನ.

ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ನೋಡಿದೆ. ಮಾನಿಟರ್ 1920x1080ರದ್ದು, ಸೆಟ್ಟಿಂಗ್ ಮಾತ್ರ 1366x768ರಲ್ಲಿ ನಿಂತಿತ್ತು. 768 ಸಾಲುಗಳನ್ನು 1080 ಸಾಲಿಗೆ ಹಿಗ್ಗಿಸಿದರೆ ಲೆಕ್ಕ ಸರಿಹೊಂದುವುದಿಲ್ಲ, ಅಂಚುಗಳೆಲ್ಲ ಮಸುಕಾಗುತ್ತವೆ. ಅದನ್ನು 1920x1080ಕ್ಕೆ ಬದಲಾಯಿಸಿದ ತಕ್ಷಣ ಅಕ್ಷರಗಳು ಚೂಪಾದವು, ಕೋಟೆಯ ಕಲ್ಲುಗಳು ಬಿಡಿಬಿಡಿಯಾಗಿ ಕಂಡವು.

ಯೂಟ್ಯೂಬ್ ಸರಿಹೋಯಿತು, ನೆಟ್‌ಫ್ಲಿಕ್ಸ್‌ನಂಥ ಒಟಿಟಿ ಮಾತ್ರ ಹಾಗೇ ಉಳಿಯಿತು. ಇದಕ್ಕೆ ಕಾರಣ ಕೇಬಲ್. ಮಾನಿಟರ್‌ಗೆ ಹಾಕಿದ್ದು ಹಳೆಯ ವಿಜಿಎ. ಒಟಿಟಿಯವರು ಕಾಪಿ ತಡೆಯಲು ಎಚ್‌ಡಿಸಿಪಿ ಅನ್ನುವ ರಕ್ಷಣೆ ಕೇಳುತ್ತಾರೆ. ವಿಜಿಎ ಅನಲಾಗ್ ಕೇಬಲ್, ಅದರಲ್ಲಿ ಈ ರಕ್ಷಣೆ ಇಲ್ಲ. ಆಗ ಕೆಲವು ಆ್ಯಪ್‌ಗಳು ಏನೂ ಹೇಳದೆ ಕ್ವಾಲಿಟಿ ಇಳಿಸಿಬಿಡುತ್ತವೆ. ಈ ಮಾತನ್ನು ಪರದೆ ಮೇಲೆ ಒಂದು ಸಾಲು ಬರೆದು ತಿಳಿಸಬೇಕು, ಹಣ ಕೊಟ್ಟವರಿಗೆ ಅಷ್ಟು ಗೊತ್ತಾಗಬೇಕಲ್ವಾ? ಈ ರಕ್ಷಣೆಗೆ ಹೊಂದುವ ಎಚ್‌ಡಿಎಂಐ ಅನ್ನುವ ಡಿಜಿಟಲ್ ಕೇಬಲ್ ಹಾಕಿದೆ, ಎಚ್‌ಡಿ ಬಂತು. 4ಕೆ ಬೇಕಾದವರಿಗೆ ಸಾಮಾನ್ಯವಾಗಿ ಎಚ್‌ಡಿಸಿಪಿ 2.2 ಇರುವ ಮಾನಿಟರ್ ಬೇಕು. ನಿಮ್ಮ ಒಟಿಟಿ ಪ್ಲಾನ್ ಯಾವ ಕ್ವಾಲಿಟಿವರೆಗೆ ಕೊಡುತ್ತದೆ ಅನ್ನುವುದನ್ನೂ ನೋಡಿಕೊಳ್ಳಿ.

ನಿಮ್ಮಲ್ಲಿ ಫ್ರೇಮ್ ಬಿಟ್ಟುಹೋಗುತ್ತಿದ್ದರೆ ದಾರಿ ಬೇರೆ. ಬ್ರೌಸರ್‌ನಲ್ಲಿ ಹಾರ್ಡ್‌ವೇರ್ ಆಕ್ಸಿಲರೇಶನ್ (ವಿಡಿಯೋ ಬಿಡಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ಗೆ ಒಪ್ಪಿಸುವ ಸೆಟ್ಟಿಂಗ್) ಆನ್ ಇದೆಯಾ ನೋಡಿ. 'ಸ್ಟ್ಯಾಟ್ಸ್ ಫಾರ್ ನರ್ಡ್ಸ್'ನ ಕೋಡೆಕ್ ಸಾಲಿನಲ್ಲಿ av01 (ಎವಿ1 ಅನ್ನುವ ಹೊಸ ವಿಡಿಯೋ ಕುಗ್ಗಿಸುವ ವಿಧಾನ) ಅಂತಿದ್ದು ಕಂಪ್ಯೂಟರ್ ಹಳೆಯದಾದರೆ ಪ್ರೊಸೆಸರ್‌ಗೆ ಭಾರ ಜಾಸ್ತಿ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎವಿ1 ಬಿಡಿಸುವ ಹಾರ್ಡ್‌ವೇರ್ ಬಂದದ್ದು 11ನೇ ತಲೆಮಾರಿನಿಂದ. ಸಂಜೆ ಹೊತ್ತು ಮಾತ್ರ ಚಿತ್ರ ಇಳಿದರೆ ವೈಫೈಯನ್ನು 2.4ರಿಂದ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ, ಆದರೆ ಲ್ಯಾನ್ ಕೇಬಲ್ಲೇ ವಾಸಿ. ಗುಬ್ಬಿ ಕಂಪನಿ ಕಾಲದ ಹಳೆಯ ರಂಗಗೀತೆಗಳನ್ನು ಯಾರೋ 240ಪಿಯಲ್ಲಿ ಹಾಕಿದ್ದರೆ ಅದು ಅಷ್ಟೇ. ಸುಮ್ನೆ ಸೆಟ್ಟಿಂಗ್ ಕೆದಕಬೇಡಿ.

ಎಚ್‌ಡಿಎಂಐಗೆ ಬಂದ ಮೇಲೆ ಇನ್ನೊಂದು ಕಂಡಿತು. ರಾತ್ರಿಯ ದೃಶ್ಯಗಳಲ್ಲಿ ಕಪ್ಪು ಕಪ್ಪಾಗಿರದೆ ಬೂದಿ ಬಣ್ಣಕ್ಕಿತ್ತು. ಗ್ರಾಫಿಕ್ಸ್ ಕಾರ್ಡ್ ಮಾನಿಟರನ್ನು ಟಿವಿ ಅಂದುಕೊಂಡು 16ರಿಂದ 235ರವರೆಗಿನ ಬಣ್ಣ ಕಳಿಸುತ್ತಿತ್ತು. ಮಾನಿಟರ್‌ಗೆ ಬೇಕಾದದ್ದು 0ಯಿಂದ (ಅಚ್ಚ ಕಪ್ಪು) 255 (ಅಚ್ಚ ಬಿಳಿ). ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ಔಟ್‌ಪುಟ್ ಡೈನಾಮಿಕ್ ರೇಂಜ್' ಅಂತಿದೆ. ಅದನ್ನು 'ಫುಲ್' ಮಾಡಿದೆ, ಬೂದಿ ಬಣ್ಣ ಹೋಯಿತು.