ಅಕೌಸ್ಟಿಕ್ ನ್ಯೂರೋಮಾ ಇದ್ದಾಗ ಕಣ್ಣು ಮಂಜಾದ್ರೆ ಏನೇನ್ ನೋಡ್ಕೋಬೇಕು

ಗಡ್ಡೆ ಇರೋದು ಕಿವಿ ನರದಲ್ಲಿ, ಕಣ್ಣು ಯಾಕೆ ಹೀಗಾಗ್ತಿದೆ ಅಂತ ನಾನೂ ತಿಂಗಳುಗಟ್ಟಲೆ ತಲೆ ಕೆಡಿಸ್ಕೊಂಡಿದ್ದೆ. ಎರಡು ಸಲ ಕನ್ನಡಕ ಬದಲಾಯಿಸ್ದೆ, ಹೊಸ ಕನ್ನಡಕ ಹಾಕ್ಕೊಂಡ್ರೂ ನಡೆಯುವಾಗ ಬೋರ್ಡ್ ಓದಕ್ಕಾಗ್ತಿರ್ಲಿಲ್ಲ, ನಿಂತು ನೋಡಿದ್ರೆ ಮಾತ್ರ ಎಲ್ಲಾ ಸರಿಯಾಗೇ ಕಾಣ್ತಿತ್ತು. ಪವರ್ ತಪ್ಪಿರ್ಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಅದಕ್ಕೇ ಇದನ್ನ ಬರೀತಿದೀನಿ, ಈ ಗಡ್ಡೆ ಇರೋರಿಗೆ "ಕಣ್ಣು ಸರಿ ಇಲ್ಲ" ಅನ್ನೋದು ನಾಲ್ಕೈದು ಬೇರೆ ಬೇರೆ ಕಾರಣಕ್ಕೆ ಆಗತ್ತೆ, ಒಂದೊಂದಕ್ಕೂ ಮಾಡ್ಬೇಕಾದ್ದು ಬೇರೆ, ಕಾದು ನೋಡ್ಬಾರದ ಕಾರಣಗಳೂ ಅದರಲ್ಲಿ ಇವೆ.

ಮೊದ್ಲು ಒಳಗಡೆ ಏನಿದೆ ಅಂತ ಸ್ವಲ್ಪ ತಿಳ್ಕೊಳ್ಳಿ. ಮೆದುಳಿಂದ ಒಳಕಿವಿಗೆ ಹೋಗೋ 8ನೇ ನರದ ಮೇಲೆ ಬೆಳೆಯೋ ಗಡ್ಡೆ ಇದು, ರಿಪೋರ್ಟಲ್ಲಿ ವೆಸ್ಟಿಬ್ಯುಲರ್ ಶ್ವಾನೋಮಾ ಅಂತ ಇರತ್ತೆ, ಕ್ಯಾನ್ಸರ್ ಅಲ್ಲ, ಬೆಳೆದ್ರೂ ಸಾಮಾನ್ಯವಾಗಿ ವರ್ಷಕ್ಕೆ 1-2 ಮಿ.ಮೀ. ಅಷ್ಟೇ, ಎಷ್ಟೋ ಜನರಲ್ಲಿ ವರ್ಷಗಟ್ಟಲೆ ಇದ್ದ ಹಾಗೇ ಇರತ್ತೆ. ಹೆಚ್ಚಾಗಿ ಶುರುವಾಗೋದು ಆ ನರದಲ್ಲಿ ಬ್ಯಾಲೆನ್ಸ್ ನೋಡ್ಕೊಳ್ಳೋ ಭಾಗದಲ್ಲಿ. ಅದೇ ಮೂಳೆಯ ಸಂದಿಯಲ್ಲಿ 7ನೇ ನರನೂ ಹೋಗತ್ತೆ, ರೆಪ್ಪೆ ಮುಚ್ಚಿಸೋದು ಅದು, ಕಣ್ಣೀರು ಬರಿಸೋ ಎಳೆಗಳೂ ಅದರ ಜೊತೆಗೇ ಹೋಗತ್ವೆ. ಗಡ್ಡೆ ದೊಡ್ಡದಾದ್ರೆ 5ನೇ ನರಕ್ಕೂ ತಾಗತ್ತೆ, ಕಣ್ಣಿನ ಮುಂದಿರೋ ಪಾರದರ್ಶಕ ಪದರ ಇದ್ಯಲ್ಲ, ಕಾರ್ನಿಯಾ, ಅದಕ್ಕೆ ನೋವು ಉರಿ ಗೊತ್ತಾಗೋದು ಈ 5ನೇ ನರದಿಂದ. ನೋಡೋ ನರ ಇರೋದು ಇವೆಲ್ಲದ್ರಿಂದ ದೂರ, ಗಡ್ಡೆ ಅದನ್ನ ನೇರವಾಗಿ ಒತ್ತಲ್ಲ. ಆದ್ರಿಂದ ತೊಂದರೆ ಯಾವ ದಾರಿಯಿಂದ ಬರ್ತಿದೆ ಅಂತ ಹುಡುಕ್ಬೇಕು.

ಹುಡುಕೋದು ಹೇಗೆ ಅಂದ್ರೆ, ಮನೆಯಲ್ಲೇ ಐದು ನಿಮಿಷ ಸಾಕು. ಗೋಡೆ ಮೇಲಿನ ಕ್ಯಾಲೆಂಡರ್ ಮುಂದೆ ತಲೆ ಅಲ್ಲಾಡಿಸ್ದೆ ನಿಂತು ಓದಿ, ಆಮೇಲೆ "ಇಲ್ಲ ಇಲ್ಲ" ಅನ್ನೋ ಥರ ತಲೆ ಆಡಿಸ್ತಾ ಓದಿ, ನಿಂತಾಗ ಸ್ಪಷ್ಟ ಇದ್ದು ಆಡಿಸಿದಾಗ ಅಕ್ಷರ ಕುಣಿದ್ರೆ ಅದು ಬ್ಯಾಲೆನ್ಸ್ ನರದ ವಿಷಯ. ನಾಲ್ಕೈದು ಸಲ ಪಟಪಟ ಅಂತ ಕಣ್ಣು ಮಿಟುಕಿಸಿ ನೋಡಿ, ಮಂಜು ಒಂದು ಕ್ಷಣ ಹೋಗಿ ಮತ್ತೆ ಬಂದ್ರೆ ಕಣ್ಣು ಒಣಗ್ತಿದೆ ಅಂತ ಅರ್ಥ. ಡಬಲ್ ಕಾಣ್ತಿದ್ರೆ ಒಂದೊಂದೇ ಕಣ್ಣು ಮುಚ್ಚಿ ನೋಡಿ, ಯಾವ ಕಣ್ಣು ಮುಚ್ಚಿದ್ರೂ ಡಬಲ್ ಹೋಗತ್ತೆ ಅಂದ್ರೆ ಎರಡು ಕಣ್ಣೂ ಒಟ್ಟಿಗೆ ತಿರುಗ್ತಿಲ್ಲ, ಒಂದು ಕಣ್ಣು ಮುಚ್ಚಿದ್ರೂ ಇನ್ನೊಂದರಲ್ಲಿ ಡಬಲ್ ಉಳಿದ್ರೆ ತೊಂದರೆ ಆ ಕಣ್ಣಲ್ಲೇ ಇದೆ, ಬಹಳ ಸಲ ಒಣಗಿರೋ ಕಾರ್ನಿಯಾದಿಂದ. ಇದಿಷ್ಟನ್ನ ಬರೆದಿಟ್ಕೊಂಡು ಡಾಕ್ಟರ್ ಹತ್ರ ಹೋದ್ರೆ ಅವರಿಗೂ ಸುಲಭ ಆಗತ್ತೆ.

ಅಕ್ಷರ ಕುಣಿಯೋದಕ್ಕೆ ಆಸಿಲೋಪ್ಸಿಯಾ ಅಂತಾರೆ. ನಾವು ತಲೆ ಬಲಕ್ಕೆ ತಿರುಗಿಸಿದ್ರೆ ಕಣ್ಣು ಅಷ್ಟೇ ವೇಗದಲ್ಲಿ ಎಡಕ್ಕೆ ಹೋಗತ್ತೆ, ಅದು ನಮಗೆ ಗೊತ್ತೇ ಆಗಲ್ಲ, ಸುಮಾರು 10 ಮಿಲಿಸೆಕೆಂಡಲ್ಲಿ ಆಗಿಹೋಗತ್ತೆ, ಆ ಸುದ್ದಿ ಕೊಡೋದು ಒಳಕಿವಿ. ಗಡ್ಡೆ ಇರೋ ಕಡೆಯಿಂದ ಸುದ್ದಿ ಸರಿಯಾಗಿ ಬರ್ದೆ ಇದ್ದಾಗ ಕಣ್ಣು ಹಿಂದೆ ಬೀಳತ್ತೆ, ಅದೂ ಮುಖ್ಯವಾಗಿ ಆ ಕಡೆಗೆ ಬೇಗ ತಿರುಗಿದಾಗ. ಇದಕ್ಕೆ ಕನ್ನಡಕ ಇಲ್ಲ, ಅಭ್ಯಾಸ ಇದೆ. ಒಂದು ಕಾರ್ಡ್ ಮೇಲೆ ಒಂದು ಅಕ್ಷರ ಬರೆದು ಒಂದು ಕೈ ದೂರದಲ್ಲಿ ಕಣ್ಣಿನ ಮಟ್ಟಕ್ಕೆ ಹಿಡ್ಕೊಳ್ಳಿ, ಕಣ್ಣು ಅಕ್ಷರದ ಮೇಲೆ ನೆಟ್ಟು ತಲೆ ಮಾತ್ರ ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸ್ತಾ ಹೋಗಿ, ಒಂದು ನಿಮಿಷ, ಆಮೇಲೆ ಮೇಲೆ ಕೆಳಗೆ ಒಂದು ನಿಮಿಷ, ಅಕ್ಷರ ಮಸುಕಾಗೋ ಅಂಚಿನವರೆಗೆ ವೇಗ ಜಾಸ್ತಿ ಮಾಡಿ, ಮಸುಕಾದ್ರೆ ಕಮ್ಮಿ ಮಾಡಿ. ದಿನಕ್ಕೆ ಮೂರು ಸಲ. ಮೊದ್ಲು ಕೂತು, ಅಭ್ಯಾಸ ಆದ್ಮೇಲೆ ನಿಂತು, ಆಮೇಲೆ ನಡೀತಾ. ಸ್ವಲ್ಪ ತಲೆಸುತ್ತು ಬರತ್ತೆ, ಬರ್ಲೇಬೇಕು, ಮೆದುಳು ಕಲಿಯೋದೇ ಆ ತಪ್ಪಿಂದ, ಆದ್ರೆ ಮುಗಿದ್ಮೇಲೂ ಬಹಳ ಹೊತ್ತು ಇಳಿಯದಿದ್ರೆ ಜಾಸ್ತಿ ಮಾಡಿದೀರ ಅಂತ. ಆಪರೇಷನ್ ಆಗಿದ್ರೆ ಸರ್ಜನ್ ಹೂಂ ಅಂದ್ಮೇಲೇ ಶುರು ಮಾಡಿ, ಮೊದಲ ಕೆಲವು ಸಲ ವೆಸ್ಟಿಬ್ಯುಲರ್ ಫಿಸಿಯೋಥೆರಪಿ ಗೊತ್ತಿರೋರ ಎದುರಿಗೆ ಮಾಡಿದ್ರೆ ಒಳ್ಳೇದು. ತಲೆಸುತ್ತಿನ ಮಾತ್ರೆ ತಿಂಗಳುಗಟ್ಟಲೆ ನುಂಗ್ತಾ ಇದ್ರೆ ಮೆದುಳು ಹೊಂದ್ಕೊಳ್ಳೋದು ನಿಧಾನ ಆಗತ್ತೆ, ಎಷ್ಟು ದಿನ ತಗೋಬೇಕು ಅಂತ ಕೇಳಿ ತಿಳ್ಕೊಳ್ಳಿ.

ಇದರ ಜೊತೆಗೇ ಬರೋ ಇನ್ನೊಂದು ಏನಂದ್ರೆ, ಒಳಕಿವಿ ಕೈಕೊಟ್ಟಾಗ ದೇಹ ಬ್ಯಾಲೆನ್ಸಿಗೆ ಕಣ್ಣನ್ನೇ ನೆಚ್ಕೊಳ್ಳತ್ತೆ. ಅದಕ್ಕೇ ಸಾಲು ಸಾಲು ಸಾಮಾನಿರೋ ದೊಡ್ಡ ಅಂಗಡಿ, ಜನಜಂಗುಳಿ, ಫೋನ್ ಸ್ಕ್ರೋಲ್ ಮಾಡೋದು ಇವೆಲ್ಲ ಸುಸ್ತು ಮಾಡತ್ವೆ. ಕತ್ತಲೆಯಲ್ಲಂತೂ ಕಣ್ಣಿನ ಆಸರೆಯೂ ಹೋಗತ್ತೆ, ಬಾತ್‌ರೂಮ್ ದಾರಿಯಲ್ಲಿ ಒಂದು ಸಣ್ಣ ಲೈಟ್ ಇರ್ಲಿ, ನೀರಲ್ಲಿ ಒಬ್ರೇ ಈಜಕ್ಕೆ ಹೋಗ್ಬೇಡಿ, ಮುಳುಗಿದಾಗ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗ್ದೆ ಹೋಗ್ಬಹುದು. ಮೆಟ್ಟಿಲು ಇಳಿಯುವಾಗ ಪ್ರೋಗ್ರೆಸ್ಸಿವ್ ಕನ್ನಡಕದ (ಮೇಲೆ ದೂರದ ಪವರ್, ಕೆಳಗೆ ಓದೋ ಪವರ್ ಇರೋದು) ಕೆಳಭಾಗದಿಂದ ನೋಡಿದ್ರೆ ಮೆಟ್ಟಿಲು ಮಸುಕಾಗತ್ತೆ, ನಡೆಯೋಕೆ ಅಂತ ದೂರದ್ದೊಂದೇ ಪವರ್ ಇರೋ ಕನ್ನಡಕ ಇಟ್ಕೊಂಡ್ರೆ ವಾಸಿ.

ಈಗ ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು, ರೆಪ್ಪೆ ಮುಚ್ಚದೆ ಇರೋದು. ಗಡ್ಡೆಯಿಂದ್ಲೇ ಮುಖ ಸೊಟ್ಟಗಾಗೋದು ಕಮ್ಮಿ, ಹೆಚ್ಚಾಗಿ ಆಪರೇಷನ್ ಆದ್ಮೇಲೆ ಆಗತ್ತೆ, ಕೆಲವರಿಗೆ ವಾರಗಳು, ಕೆಲವರಿಗೆ ತಿಂಗಳುಗಳು. 7ನೇ ನರ ಎಷ್ಟು ಕೆಲಸ ಮಾಡ್ತಿದೆ ಅನ್ನೋದನ್ನ ಹೌಸ್-ಬ್ರಾಕ್‌ಮನ್ ಅನ್ನೋ 1ರಿಂದ 6ರ ಗ್ರೇಡಲ್ಲಿ ಬರೀತಾರೆ, 1 ಅಂದ್ರೆ ಸರಿಯಾಗಿದೆ, 6 ಅಂದ್ರೆ ಒಂಚೂರೂ ಅಲುಗಾಡಲ್ಲ. 4 ಅಥವಾ ಅದಕ್ಕಿಂತ ಮೇಲಿದ್ರೆ ಕಣ್ಣು ಪೂರ್ತಿ ಮುಚ್ಚಲ್ಲ. ಹಗಲು ಕೃತಕ ಕಣ್ಣೀರಿನ ಡ್ರಾಪ್ಸ್ ಉರಿ ಬರೋಕೆ ಮುಂಚೆನೇ ಗಂಟೆ ನೋಡ್ಕೊಂಡು ಹಾಕ್ಕೊಳ್ಳಿ, ದಿನಕ್ಕೆ ನಾಲ್ಕಕ್ಕಿಂತ ಜಾಸ್ತಿ ಸಲ ಹಾಕೋದಾದ್ರೆ ಪ್ರಿಸರ್ವೇಟಿವ್ ಇಲ್ಲದ್ದೇ ಕೇಳಿ ತಗೊಳ್ಳಿ. ರಾತ್ರಿ ಗಟ್ಟಿ ಆಯಿಂಟ್‌ಮೆಂಟ್ ಹಾಕಿ, ಬೆರಳಿನ ಹಿಂಭಾಗದಿಂದ ರೆಪ್ಪೆ ಮೆತ್ತಗೆ ಕೆಳಗೆ ಎಳೆದು, ಪೂರ್ತಿ ಮುಚ್ಚಿದ್ಮೇಲೆ ಸರ್ಜಿಕಲ್ ಟೇಪ್ ಅಂಟಿಸಿ. ಮುಚ್ಚದೇ ಇರೋ ಕಣ್ಣಿನ ಮೇಲೆ ಬರೀ ಹತ್ತಿ ಪ್ಯಾಡ್ ಇಟ್ಕೊಂಡು ಮಲಗ್ಬೇಡಿ, ಒಳಗೆ ಕಣ್ಣು ತೆರ್ಕೊಂಡ್ರೆ ಪ್ಯಾಡೇ ಕಾರ್ನಿಯಾನ ಗೀರತ್ತೆ. ಟೇಪ್ ಹಾಕೋದನ್ನ ನರ್ಸ್ ಹತ್ರ ಒಂದ್ಸಲ ತೋರಿಸ್ಕೊಂಡು, ಅವರೆದುರಿಗೇ ನೀವೂ ಹಾಕಿ ನೋಡಿ. ಫ್ಯಾನ್ ಗಾಳಿ, ಎಸಿ ಗಾಳಿ ಮುಖಕ್ಕೆ ನೇರ ಬೀಳ್ದಂಗೆ ನೋಡ್ಕೊಳ್ಳಿ, ಹೊರಗೆ ಹೋಗುವಾಗ ಪಕ್ಕಗಳೂ ಮುಚ್ಚೋ ಕನ್ನಡಕ. ಬಹಳ ದಿನ ಮುಚ್ಚಲ್ಲ ಅಂತಾದ್ರೆ ಮೇಲ್ರೆಪ್ಪೆ ಒಳಗೆ ಚಿನ್ನದ್ದೋ ಪ್ಲಾಟಿನಂದೋ ಸಣ್ಣ ತೂಕ ಇಡ್ತಾರೆ, ಆ ಭಾರಕ್ಕೆ ರೆಪ್ಪೆ ಇಳಿಯತ್ತೆ, ನರ ವಾಪಸ್ ಬಂದ್ರೆ ತೆಗೀಬಹುದು.

ಒಂದು ಮಾತು ದಯವಿಟ್ಟು ಗಮನ ಇಟ್ಟು ಓದಿ. ರೆಪ್ಪೆನೂ ಮುಚ್ಚಲ್ಲ, 5ನೇ ನರನೂ ಮರಗಟ್ಟಿದೆ ಅಂದ್ರೆ ಕಾರ್ನಿಯಾ ಮೇಲೆ ಹುಣ್ಣಾದ್ರೂ ನೋವೇ ಗೊತ್ತಾಗಲ್ಲ. ನೋವಿಲ್ಲ ಅಂತ ಸುಮ್ನಿರ್ಬೇಡಿ. ಕೆನ್ನೆ ಅಥವಾ ಹಣೆ ಆ ಕಡೆ ಜುಮುಜುಮು ಅಥವಾ ಸ್ಪರ್ಶ ಕಮ್ಮಿ ಇದ್ರೆ ಬೆಳಿಗ್ಗೆ ಒಂದ್ಸಲ ರಾತ್ರಿ ಒಂದ್ಸಲ ಕನ್ನಡಿಯಲ್ಲಿ ಕಣ್ಣು ನೋಡ್ಕೊಳ್ಳಿ, ಕೆಂಪಾಗಿದ್ರೆ, ಕಪ್ಪು ಗುಡ್ಡೆ ಮೇಲೆ ಬಿಳಿ ಚುಕ್ಕೆ ಕಂಡ್ರೆ, ದೃಷ್ಟಿ ಇದ್ದಕ್ಕಿದ್ದಂಗೆ ಮಂಜಾದ್ರೆ ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ನಾಳೆ ಅನ್ಬೇಡಿ.

ಎರಡು ಕಣ್ಣೂ ತೆರೆದಾಗ ಮಾತ್ರ ಡಬಲ್ ಅಂದ್ರೆ ಕಣ್ಣು ತಿರುಗಿಸೋ ನರಕ್ಕೆ, ಅದರಲ್ಲೂ 6ನೇದಕ್ಕೆ ಪೆಟ್ಟಾಗಿರ್ಬಹುದು, ಹೊಸದಾಗಿ ಶುರುವಾದ್ರೆ ತಕ್ಷಣ ತಿಳಿಸಿ, ಕಾಯೋ ಹೊತ್ತಿಗೆ ಕನ್ನಡಕಕ್ಕೆ ಅಂಟಿಸೋ, ಎರಡು ಚಿತ್ರ ಒಂದಾಗಿ ಕಾಣಿಸೋ ಪ್ರಿಸಂ ಹಾಳೆ ಕೊಡ್ತಾರೆ, ಇಲ್ಲಾ ಒಂದು ಗಾಜಿಗೆ ಟೇಪ್ ಅಂಟಿಸಿದ್ರೂ ನಡೆಯತ್ತೆ. ಬೆಳಿಗ್ಗೆ ಜೋರಾಗೋ ತಲೆನೋವು, ವಾಂತಿ, ಬಗ್ಗಿದಾಗ ಅಥವಾ ಎದ್ದಾಗ ಕೆಲವು ಸೆಕೆಂಡ್ ಕಣ್ಣು ಕತ್ತಲೆ ಬರೋದು, ಜೊತೆಗೆ ಮಂಪರು ಇದ್ರೆ ಮೆದುಳಿನ ನೀರು ಕಟ್ಕೊಂಡು ಒತ್ತಡ ಏರ್ತಿರ್ಬಹುದು, ಇದು ಎಮರ್ಜೆನ್ಸಿ, ನೇರ ಆಸ್ಪತ್ರೆಗೆ. ಹಾಗೇ ಆಪರೇಷನ್ ಆದ್ಮೇಲೆ ಬಗ್ಗಿದಾಗ ಮೂಗಿಂದ ತಿಳಿನೀರು ತೊಟ್ಟಿಕ್ಕಿದ್ರೆ ಶೀತ ಅಂದ್ಕೋಬೇಡಿ, ಅವತ್ತೇ ಫೋನ್ ಮಾಡಿ.

ಮಿಕ್ಕ ಲಕ್ಷಣ ನಿಮಗೆ ಗೊತ್ತಿರೋದೇ, ಒಂದು ಕಿವಿ ಮಾತ್ರ ಮಂದ ಆಗೋದು, ಸದ್ದು ಕೇಳಿದ್ರೂ ಮಾತು ಅರ್ಥ ಆಗ್ದೆ ಇರೋದು, ಗುಯ್ ಅನ್ನೋದು. ಒಂದೇ ಕಿವಿ ಇದ್ದಾಗ ಸದ್ದು ಯಾವ ಕಡೆಯಿಂದ ಬಂತು ಗೊತ್ತಾಗಲ್ಲ, ರಸ್ತೆ ದಾಟುವಾಗ ಕಿವಿ ನಂಬ್ಬೇಡಿ, ಎರಡೂ ಕಡೆ ತಲೆ ತಿರುಗಿಸಿ ಒಂದು ಕ್ಷಣ ನಿಲ್ಲಿಸಿ ನೋಡಿ. ಮುಖದ 7ನೇ ನರ ಚೇತರಿಸ್ಕೊಳ್ಳುವಾಗ ಊಟ ಮಾಡ್ತಾ ಮಾಡ್ತಾ ಒಂದೇ ಕಣ್ಣಲ್ಲಿ ನೀರು ಬರೋದು, ನಕ್ಕಾಗ ಆ ಕಣ್ಣು ಮುಚ್ಕೊಳ್ಳೋದು ಆಗ್ಬಹುದು, ಬೆಳೆಯೋ ಎಳೆಗಳು ತಪ್ಪು ಜಾಗಕ್ಕೆ ಸೇರಿದ್ರೆ ಹಾಗಾಗತ್ತೆ, ಗಾಬರಿ ಬೇಡ. ಎರಡೂ ಕಿವಿ ನರದಲ್ಲಿ ಗಡ್ಡೆ ಇದ್ರೆ ಮಾತ್ರ ಅದು ಎನ್‌ಎಫ್2 ಅನ್ನೋ ಜೀನ್ ಕಾಯಿಲೆ ಇರ್ಬಹುದು, ಅದರಲ್ಲಿ ಚಿಕ್ಕ ವಯಸ್ಸಲ್ಲೇ ಕಣ್ಣಿನ ಪೊರೆ ಬರೋ ಸಾಧ್ಯತೆ ಇದೆ, ಕಣ್ಣನ್ನ ಅದಕ್ಕೂ ಪರೀಕ್ಷೆ ಮಾಡಿಸ್ಬೇಕು.

ಕಣ್ಣಿನ ಡಾಕ್ಟರ್ ಹತ್ರ ಹೋದಾಗ ಗಡ್ಡೆ ಯಾವ ಕಡೆ, ಎಷ್ಟು ಮಿ.ಮೀ., ಆಪರೇಷನ್ ಆಗಿದ್ಯಾ ರೇಡಿಯೇಷನ್ ಆಗಿದ್ಯಾ ಅಂತ ಮೊದ್ಲೇ ಹೇಳಿ, ಎಂಆರ್‌ಐ ರಿಪೋರ್ಟ್ ಜೊತೆಗಿರ್ಲಿ, ನಾನು ಮೊದಲ ಎರಡು ಸಲ ಹೇಳಿರ್ಲಿಲ್ಲ, ಕಿವಿ ವಿಷಯ ಇಲ್ಲಿ ಯಾಕೆ ಅಂತ. ಕಾರ್ನಿಯಾಗೆ ಸ್ಪರ್ಶ ಇದ್ಯಾ ಅಂತ ನೋಡಿ ಅಂತ ಕೇಳಿ, ಅದನ್ನ ಮರಗಟ್ಟಿಸೋ ಡ್ರಾಪ್ಸ್ ಹಾಕೋಕೆ ಮುಂಚೆನೇ ನೋಡ್ಬೇಕು, ಹಾಕಿದ್ಮೇಲೆ ಆ ಪರೀಕ್ಷೆಗೆ ಅರ್ಥ ಇಲ್ಲ.