ಎರಡು ಮಂಚಗಳ ನಡುವಿನ ಮೇಜು

2015ರ ಡಿಸೆಂಬರಿನಲ್ಲಿ ನಾನೂ ನನ್ನ ಸಂಗಾತಿಯೂ ಮೂರು ದಿನಗಳ ಮಟ್ಟಿಗೆ ಚಿಕ್ಕಮಗಳೂರಿನ ಕಾಫಿ ತೋಟವೊಂದರ ಹೋಂಸ್ಟೇಗೆ ಹೋಗಿದ್ದೆವು. ಮನೆಯೊಡತಿ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟು, "ಅಕ್ಕತಂಗಿಯರೇನಮ್ಮಾ?" ಎಂದು ಕೇಳಿದರು. ನಾನು ಹೌದೆಂದೆ. ಆ ಒಂದು ಮಾತನ್ನು ಉಳಿಸಿಕೊಳ್ಳಲು ಮೂರು ದಿನವೂ ಊಟದ ಹೊತ್ತಿಗೆ ಇಲ್ಲದ ತವರನ್ನೂ ಇಲ್ಲದ ಅಣ್ಣನನ್ನೂ ಕಟ್ಟಿ ಹೇಳಬೇಕಾಯಿತು. ಕೋಣೆಯಲ್ಲಿ ಎರಡು ಒಂಟಿ ಮಂಚಗಳು, ಅವುಗಳ ನಡುವೆ ನೀರಿನ ಹೂಜಿ ಇಟ್ಟ ಒಂದು ಮೇಜು. ರಾತ್ರಿ ಮೇಜನ್ನು ಎತ್ತಿ ಗೋಡೆಗಿಟ್ಟು ಮಂಚವನ್ನು ಸರಿಸಿದಾಗ ಕೆಂಪು ಗಾರೆಯ ನೆಲದ ಮೇಲೆ ಅದರ ಕಾಲು ಕಿರ್ರೆಂದಿತು. ಪಕ್ಕದ ಕೋಣೆಯಲ್ಲಿ ಯಾರೋ ಕೆಮ್ಮಿದರು. ನಾವಿಬ್ಬರೂ ಮಂಚದ ಅಂಚನ್ನು ಹಿಡಿದುಕೊಂಡೇ ಉಸಿರು ಬಿಗಿಹಿಡಿದು ನಿಂತೆವು. ಬೆಳಗಿನ ಕಾಫಿ ಬರುವ ಮೊದಲೇ ಎದ್ದು ಮಂಚವನ್ನೂ ಮೇಜನ್ನೂ ಹೂಜಿಯನ್ನೂ ಮೊದಲಿದ್ದ ಜಾಗದಲ್ಲೇ ಇಡುತ್ತಿದ್ದೆವು. ಕಾಫಿ ಹಣ್ಣಾಗಿದ್ದ ಕಾಲ ಅದು, ತೋಟ ಚೆನ್ನಾಗಿಯೇ ಇದ್ದಿರಬೇಕು. ನನಗೆ ನೆನಪಿರುವುದು ಆ ಮೇಜು ಮಾತ್ರ.

ನಾನು ರಾಜಾಜಿನಗರದಲ್ಲಿ ಮನೆಯ ಮುಂಗೋಣೆಯಲ್ಲೇ ಪ್ರವಾಸ ಏರ್ಪಾಡಿನ ಸಣ್ಣ ಕಚೇರಿ ನಡೆಸುವವಳು. ಕಾಶಿ–ಗಯಾ ಯಾತ್ರೆ, ಹೊಸದಾಗಿ ಮದುವೆಯಾದವರ ಊಟಿ–ಕೊಡೈಕನಾಲ್, ಬೇಸಿಗೆ ರಜೆಯ ಸಿಂಗಪುರ ಇವೇ ನನ್ನ ದಿನನಿತ್ಯದ ಕೆಲಸ. ಊರೂರಿನ ಹೋಟೆಲ್ಲುಗಳವರನ್ನು ಹೆಸರು ಹಿಡಿದು ಮಾತನಾಡಿಸುವ ನನಗೆ, ನನ್ನದೇ ರಜೆಗೆ ಒಂದೇ ದೊಡ್ಡ ಮಂಚದ ಕೋಣೆಯನ್ನು ಬಾಯಿಬಿಟ್ಟು ಕೇಳುವ ಧೈರ್ಯವಿರಲಿಲ್ಲ ಎಂಬ ಸಂಗತಿ ಬಹಳ ದಿನ ಮನಸ್ಸನ್ನು ಕೊರೆಯಿತು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್ನಿನ ಹಿಡಿತದಿಂದ ನಮ್ಮನ್ನು ಬಿಡಿಸಿದ ಮೇಲೆ, ಪರಿಚಯದ ಜೋಡಿಗಳು ಒಬ್ಬೊಬ್ಬರಾಗಿ ನನ್ನ ಬಳಿ ಬಂದು, ತಾವು ಯಾರೆಂಬುದನ್ನು ಮುಚ್ಚಿಡದೆ ಎಲ್ಲಿಗೆ ಹೋಗಿ ಬರಬಹುದೆಂದು ಕೇಳತೊಡಗಿದರು. ಅಂದಿನಿಂದ ಗೇ ಮತ್ತು ಲೆಸ್ಬಿಯನ್ ಜೋಡಿಗಳ ಪ್ರವಾಸಗಳನ್ನು ಬೇರೆಯೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಬಂದಿದ್ದೇನೆ. ಇಲ್ಲಿ ಹೇಳುತ್ತಿರುವುದು ಆ ನೋಟ್‌ಬುಕ್ಕಿನಿಂದ ನಾನು ಕಲಿತದ್ದು.

ನಮ್ಮ ದೇಶದಲ್ಲಿ ಇಬ್ಬರು ಗಂಡಸರಿಗೋ ಇಬ್ಬರು ಹೆಂಗಸರಿಗೋ ಒಂದು ಕೋಣೆ ಸಿಗುವುದು ಕಷ್ಟವಲ್ಲ. ಮದುವೆಯಾಗದ ಗಂಡು ಹೆಣ್ಣು ಜೊತೆಯಾಗಿ ಬಂದರೆ ಹುಬ್ಬೇರಿಸುವ ರಿಸೆಪ್ಷನ್ನಿನವರು ನಮ್ಮನ್ನು ಸ್ನೇಹಿತರೆಂದೋ ಅಣ್ಣತಮ್ಮಂದಿರೆಂದೋ ತಾವೇ ತೀರ್ಮಾನಿಸಿ ಕೀಲಿ ಕೊಟ್ಟುಬಿಡುತ್ತಾರೆ. ತೊಡಕು ಶುರುವಾಗುವುದು ಒಂದೇ ಮಂಚವನ್ನು ಕೇಳಿದಾಗ, ಇಲ್ಲವೇ ಆ ತೀರ್ಮಾನವನ್ನು ತಿದ್ದಿದಾಗ. ಆದ್ದರಿಂದ ತಿದ್ದುವ ಕೆಲಸವನ್ನು ಪ್ರವಾಸಿಗರ ತಲೆಗೆ ಕಟ್ಟದೆ, ಅವರು ಹೊರಡುವ ಮೊದಲೇ ಬೆಂಗಳೂರಿನಲ್ಲಿ ಕುಳಿತು ನಾನೇ ಮಾಡಿ ಮುಗಿಸುತ್ತೇನೆ. ಹೋಟೆಲ್ಲಿನ ಮ್ಯಾನೇಜರಿಗೆ ಕಳುಹಿಸುವ ಇಮೇಲಿನಲ್ಲಿ ಮೂರೇ ವಾಕ್ಯಗಳಿರುತ್ತವೆ: ಬರುತ್ತಿರುವವರು ದಂಪತಿಗಳಂತೆ ಜೊತೆಯಾಗಿ ಬಾಳುತ್ತಿರುವ ಇಬ್ಬರು ಗಂಡಸರು ಅಥವಾ ಇಬ್ಬರು ಹೆಂಗಸರು, ಅವರಿಗೆ ಒಂದೇ ದೊಡ್ಡ ಮಂಚದ ಕೋಣೆ ಬೇಕು, ಅವರನ್ನು ಬರಮಾಡಿಕೊಳ್ಳುವ ಸಿಬ್ಬಂದಿಗೆ ಈ ವಿಷಯ ಮೊದಲೇ ತಿಳಿದಿರಬೇಕು. ಬರುವ ಉತ್ತರದಲ್ಲಿ ಆ ಹೋಟೆಲ್ಲಿನ ಗುಣ ಕಾಣುತ್ತದೆ. "ಕೋಣೆ ಸಿದ್ಧವಿದೆ, ಊಟದಲ್ಲಿ ಪಥ್ಯವೇನಾದರೂ ಇದೆಯೇ?" ಎಂದು ಕೇಳಿದವರಲ್ಲಿಗೆ ಕಣ್ಣು ಮುಚ್ಚಿ ಕಳುಹಿಸುತ್ತೇನೆ. "ನಮಗೇನೂ ಅಭ್ಯಂತರವಿಲ್ಲ, ಆದರೆ ಬೇರೆ ಅತಿಥಿಗಳಿಗೆ ತಿಳಿಯದಂತೆ ಇರಬೇಕು" ಎಂದು ಬರೆದವರನ್ನು ಕೈಬಿಡುತ್ತೇನೆ, ದರ ಎಷ್ಟೇ ಕಡಿಮೆಯಿರಲಿ.

ಇಮೇಲಿನ ಪಾಠವನ್ನು ನನಗೆ ಕಲಿಸಿದ್ದು ನನ್ನದೇ ಒಂದು ತಪ್ಪು. 2019ರಲ್ಲಿ ಇಪ್ಪತ್ತೈದರ ಆಸುಪಾಸಿನ ಇಬ್ಬರು ಹುಡುಗರಿಗೆ ಒಂದು ಕರಾವಳಿ ಊರಿನಲ್ಲಿ ಕೋಣೆ ಹಿಡಿದು, ವಿಷಯವನ್ನು ಫೋನಿನಲ್ಲಿ ತಿಳಿಸಿ ಸುಮ್ಮನಾಗಿದ್ದೆ. ಫೋನಿನಲ್ಲಿ ಒಪ್ಪಿಕೊಂಡವರ ಪಾಳಿ ಸಂಜೆಗೆ ಮುಗಿದಿತ್ತು. ರಾತ್ರಿ ಹನ್ನೊಂದಕ್ಕೆ ತಲುಪಿದ ಹುಡುಗರಿಗೆ ಬೇರೊಬ್ಬರು, ಎರಡು ಕೋಣೆ ತೆಗೆದುಕೊಳ್ಳಿ ಇಲ್ಲವೇ ಹೊರಡಿ ಎಂದರು. ಅವರು ಬೆಳಗಿನ ಬಸ್ಸು ಬರುವ ತನಕ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತಿದ್ದರಂತೆ, ರಾತ್ರಿ ಹೊತ್ತು ನನಗೆ ತೊಂದರೆ ಕೊಡಬಾರದೆಂದು ಫೋನನ್ನೂ ಮಾಡಿರಲಿಲ್ಲ. ಅಂದಿನಿಂದ ಒಪ್ಪಿಗೆ ಬರಹದಲ್ಲಿರಬೇಕು, ಒಪ್ಪಿದವರ ಹೆಸರು ಅದರಲ್ಲಿರಬೇಕು, ಅದರ ಪ್ರಿಂಟು ಪ್ರವಾಸಿಗರ ಚೀಲದಲ್ಲಿರಬೇಕು, ಅದೇ ಊರಿನಲ್ಲಿ ಎರಡನೆಯ ಹೋಟೆಲೊಂದು ನನ್ನ ಗಮನದಲ್ಲಿರಬೇಕು. ರಾತ್ರಿ ಎಷ್ಟೇ ಹೊತ್ತಾದರೂ ನನಗೆ ಫೋನ್ ಮಾಡುತ್ತೇವೆಂದು ಅವರಿಂದ ಮಾತು ತೆಗೆದುಕೊಳ್ಳುತ್ತೇನೆ.

ವಿದೇಶದ ಮಾತು ಬಂದಾಗ ಮೊದಲು ನೋಡುವುದು ಅಲ್ಲಿನ ಕಾನೂನನ್ನು. 1860ರಲ್ಲಿ ಬ್ರಿಟಿಷರು ನಮ್ಮ ದಂಡಸಂಹಿತೆಯಲ್ಲಿ ಬರೆದ ನಿಯಮವೇ ಅವರು ಆಳಿದ ಹಲವು ನಾಡುಗಳಿಗೂ ಹೋಗಿತ್ತು. ಮಲೇಷ್ಯಾದಲ್ಲಿ ಅದು 377ಎ, 377ಬಿ ಎಂಬ ಸೆಕ್ಷನ್ನುಗಳಾಗಿ ಉಳಿದುಕೊಂಡಿದೆ. ಸಿಂಗಪುರವು ತನ್ನ 377ಎ ಸೆಕ್ಷನ್ನನ್ನು ಕಿತ್ತುಹಾಕಿದ್ದು 2023ರ ಜನವರಿಯಲ್ಲಿ ಜಾರಿಗೆ ಬಂತು. ಆದರೂ ಅಲ್ಲಿ ಹಾಂಗ್ ಲಿಮ್ ಪಾರ್ಕಿನಲ್ಲಿ ನಡೆಯುವ, ನಮ್ಮಂಥವರ 'ಪಿಂಕ್ ಡಾಟ್' ಸಮಾವೇಶಕ್ಕೆ ಆ ದೇಶದ ಪ್ರಜೆಗಳಿಗೂ ಕಾಯಂ ನಿವಾಸಿಗಳಿಗೂ ಮಾತ್ರ ಪ್ರವೇಶ. ನಮ್ಮವರು ಅದಕ್ಕೆಂದೇ ಟಿಕೆಟ್ ಮಾಡಿಸಬಾರದು. ಮಧುಚಂದ್ರದ ಜಾಹೀರಾತುಗಳನ್ನು ನೋಡಿ ಮಾಲ್ಡೀವ್ಸ್ ಕೇಳುವವರು ಬಹಳ. ಅಲ್ಲಿ ನಮ್ಮಂಥವರ ಸಂಬಂಧ ಇಂದಿಗೂ ಅಪರಾಧ. ರೆಸಾರ್ಟಿನ ದ್ವೀಪಗಳಲ್ಲಿ ಯಾರೂ ಕೇಳುವುದಿಲ್ಲ ಎಂದು ವ್ಯಾಪಾರಸ್ಥರು ಹೇಳುತ್ತಾರೆ. ಯಾರಾದರೂ ಕೇಳಿದ ದಿನ ಆ ವ್ಯಾಪಾರಸ್ಥರು ಜೊತೆಗಿರುವುದಿಲ್ಲವಾದ್ದರಿಂದ ಆ ಊರಿಗೆ ನಾನು ಯಾರನ್ನೂ ಕಳುಹಿಸಿಲ್ಲ. ನೀಲಿ ನೀರೇ ಬೇಕೆನ್ನುವವರಿಗೆ ಮಾರಿಷಸ್ ತೋರಿಸುತ್ತೇನೆ. ಅಲ್ಲಿನ ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ ಹಳೆಯ ಕಾನೂನನ್ನು ತೊಡೆದುಹಾಕಿತು. ಗಂಗಾ ತಲಾವ್ ಎಂಬ ಕೆರೆಯ ದಂಡೆಯಲ್ಲಿ ಶಿವರಾತ್ರಿಯ ಜಾತ್ರೆಯನ್ನೂ ನೋಡಬಹುದು. ಯುರೋಪಿಗೆ ಹೋಗುವವರಿಗೆ ಕೊಲ್ಲಿ ದೇಶಗಳ ಮೂಲಕ ಹೋಗುವ ವಿಮಾನ ಅಗ್ಗವಾಗಿ ಸಿಕ್ಕರೂ, ನಡುವೆ ರಾತ್ರಿ ತಂಗುವುದಿದ್ದರೆ ನಾನು ಬೇರೆ ದಾರಿಯನ್ನೇ ಹುಡುಕುತ್ತೇನೆ.

ನಮ್ಮಿಬ್ಬರ ಮೊದಲ ಹೊರದೇಶ ನೇಪಾಳ. ನಾನು ಉಳಿದವರಿಗೂ ಮೊದಲು ಅದನ್ನೇ ಹೇಳುತ್ತೇನೆ. ವೀಸಾ ಬೇಡ, ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಸಾಕು. ಅಲ್ಲಿನ ಸುಪ್ರೀಂ ಕೋರ್ಟು 2007ರಲ್ಲೇ ನಮ್ಮಂಥವರ ಹಕ್ಕುಗಳನ್ನು ಎತ್ತಿಹಿಡಿದಿತ್ತು. 2023ರ ನವೆಂಬರಿನಲ್ಲಿ ಲಮ್‌ಜುಂಗ್ ಜಿಲ್ಲೆಯಲ್ಲಿ ಇಂಥ ಮದುವೆಯೊಂದು ಮೊದಲ ಬಾರಿಗೆ ನೋಂದಣಿಯಾಯಿತು. ನಾವು ಹೋದದ್ದು 2019ರ ಆಗಸ್ಟಿನಲ್ಲಿ, ಗಾಯಿ ಜಾತ್ರೆಗೆ. ನೂಲು ಹುಣ್ಣಿಮೆಯ ಮರುದಿನ ಕಠ್ಮಂಡುವಿನಲ್ಲಿ ಆ ವರ್ಷ ಸಾವು ಕಂಡ ಮನೆಯವರು ಹಸುವನ್ನೋ, ಹಸುವಿನ ವೇಷ ತೊಟ್ಟ ಮಗುವನ್ನೋ ಬೀದಿಯಲ್ಲಿ ನಡೆಸಿಕೊಂಡು ಬರುತ್ತಾರೆ. ವೇಷಕ್ಕೂ ವಿಡಂಬನೆಗೂ ಅಂದು ಹಿಂದಿನಿಂದಲೂ ಮುಕ್ತ ಅವಕಾಶವಿದೆ. ಆ ಅವಕಾಶದ ಬಲದಿಂದಲೇ ಬ್ಲೂ ಡೈಮಂಡ್ ಸೊಸೈಟಿ ಎಂಬ ಸಂಸ್ಥೆ 2010ರಿಂದ ಅದೇ ದಿನ ನಮ್ಮಂಥವರ ಹೆಮ್ಮೆಯ 'ಪ್ರೈಡ್' ಮೆರವಣಿಗೆ ನಡೆಸಿಕೊಂಡು ಬಂದಿದೆ. ಸತ್ತವರನ್ನು ನೆನೆಯುವ ಹಬ್ಬದ ದಿನವೇ ಬದುಕಿರುವವರು ತಮ್ಮನ್ನು ತೋರಿಸಿಕೊಳ್ಳುವುದು ನನ್ನ ಮನಸ್ಸನ್ನು ತುಂಬ ತಟ್ಟಿತು. ಮುಂದೆ ಪೋಖರಾದಲ್ಲಿ ಸಂಗಾತಿಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಬೇಕಾಯಿತು. ದಾಖಲಾತಿಯ ಕಾಗದದಲ್ಲಿ 'ರೋಗಿಗೆ ಏನಾಗಬೇಕು' ಎಂಬ ಖಾನೆಯ ಮುಂದೆ ನನ್ನ ಪೆನ್ನು ನಿಂತಿತು. ಚಿಕ್ಕಮಗಳೂರಿನ ಅಕ್ಕತಂಗಿಯ ಮಾತು ನೆನಪಾಯಿತು. ಕೊನೆಗೆ 'ಸಂಗಾತಿ' ಎಂಬರ್ಥದ ಇಂಗ್ಲಿಷ್ ಪದವನ್ನೇ ಬರೆದೆ. ನರ್ಸಮ್ಮ ಅದನ್ನು ಓದಿ, ಏನೂ ಕೇಳದೆ ಹಾಸಿಗೆಯ ಪಕ್ಕಕ್ಕೆ ನನಗೊಂದು ಕುರ್ಚಿ ಎಳೆದು ಹಾಕಿದರು.

ಆ ಖಾನೆಯನ್ನು ಎಲ್ಲರೂ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟು ಮದುವೆಯ ಹಕ್ಕನ್ನು ಮಾನ್ಯ ಮಾಡಲಿಲ್ಲವಾದ್ದರಿಂದ ಕಾಗದಪತ್ರಗಳಲ್ಲಿ ನಾವಿಬ್ಬರೂ ಇಂದಿಗೂ ಪರರೇ. ಹಾಗಾಗಿ ಪ್ರತಿಯೊಬ್ಬರಿಗೂ ಪ್ರತ್ಯೇಕವಾಗಿ ಪ್ರವಾಸ ವಿಮೆ ಮಾಡಿಸುತ್ತೇನೆ, ತುರ್ತು ಸಂಪರ್ಕಕ್ಕೆ ಪರಸ್ಪರರ ಹೆಸರನ್ನೇ ಬರೆಸುತ್ತೇನೆ, ಚಿಕಿತ್ಸೆಯ ವಿಷಯದಲ್ಲಿ ಸಂಗಾತಿಯ ಮಾತನ್ನು ಕೇಳಬೇಕೆಂಬ ಸಹಿ ಮಾಡಿದ ಪತ್ರವನ್ನು ಇಬ್ಬರ ಬಳಿಯೂ ಇರಿಸುತ್ತೇನೆ. ಜಂಟಿ ಬ್ಯಾಂಕ್ ಖಾತೆ ತೆರೆಯಲೂ ಸಂಗಾತಿಯನ್ನು ನಾಮಿನಿ ಮಾಡಲೂ ನಮ್ಮಂಥವರಿಗೆ ಅಡ್ಡಿಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟಿನಲ್ಲಿ ಸ್ಪಷ್ಟಪಡಿಸಿತು. ಪ್ರವಾಸದ ಯೋಚನೆ ಬಂದ ಕೂಡಲೇ ಅಂಥ ಖಾತೆ ತೆರೆಯಿರಿ ಎಂದು ಹೇಳುತ್ತೇನೆ. ಒಬ್ಬರ ಸಂಬಳದಲ್ಲಿ ಇಬ್ಬರೂ ಹೋಗುವಾಗ ವೀಸಾ ಅಧಿಕಾರಿಗೆ ಖರ್ಚಿನ ಲೆಕ್ಕ ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಅತ್ಯಂತ ಪ್ರೀತಿಯ ಪುಟ ತೈವಾನಿನ ರಾಜಧಾನಿ ತೈಪೆಯದು. ಬಸವನಗುಡಿಯ ಇಬ್ಬರು ಹಿರಿಯರು, ಒಬ್ಬರು ಬ್ಯಾಂಕಿನಿಂದ, ಇನ್ನೊಬ್ಬರು ಕಾಲೇಜಿನಿಂದ ನಿವೃತ್ತರಾದವರು, ಮೂವತ್ತು ವರ್ಷಗಳಿಂದ ಬಾಡಿಗೆದಾರ ಮತ್ತು ಮನೆ ಮಾಲೀಕ ಎಂದು ನೆರೆಯವರಿಗೆ ಹೇಳಿಕೊಂಡು ಬಾಳಿದವರು. ಏಷ್ಯಾದಲ್ಲಿ ಮೊದಲು ಇಂಥ ಮದುವೆಯನ್ನು ಕಾನೂನುಬದ್ಧಗೊಳಿಸಿದ ನಾಡು ತೈವಾನ್, 2019ರ ಮೇ 24ರಂದು. ಅಲ್ಲಿನ ಪ್ರೈಡ್ ಮೆರವಣಿಗೆ 2003ರಿಂದ ನಡೆಯುತ್ತಿದೆ, ಸಾಮಾನ್ಯವಾಗಿ ಅಕ್ಟೋಬರಿನ ಕೊನೆಯ ಶನಿವಾರ. ಹಿರಿಯರಿಬ್ಬರಿಗೂ ಇದ್ದ ಚಿಂತೆ ಊಟದ್ದು, ಏಕೆಂದರೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರು. ತೈವಾನಿನ ಬೌದ್ಧ ಸಸ್ಯಾಹಾರದಲ್ಲಿ ಅವೆರಡೂ ನಿಷಿದ್ಧ. 'ಸು' ಎಂದು ಓದುವ ಅಕ್ಷರವನ್ನು ದೊಡ್ಡದಾಗಿ ಒಂದು ಕಾರ್ಡಿನ ಮೇಲೆ ಅಚ್ಚು ಹಾಕಿಸಿ, ಈ ಅಕ್ಷರವಿರುವ ಫಲಕವನ್ನು ಹುಡುಕಿಕೊಂಡು ಹೋಗಿ ಎಂದು ಕೊಟ್ಟೆ. ಶಿಮೆನ್‌ಡಿಂಗ್‌ನಲ್ಲಿ 1908ರಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಎಂಟು ಮೂಲೆಯ ಮಾರುಕಟ್ಟೆ ಕಟ್ಟಡವಿದೆ, ಅದರ ಹಿಂದಿನ ಅಂಗಳದ ತುಂಬ ಗೇ ಬಾರುಗಳು, ಚಹಾ ಅಂಗಡಿಗಳು. ನ್ಯೂ ತೈಪೆಯಲ್ಲಿ ಸಲಿಂಗ ಪ್ರೇಮಿಗಳು ಹರಕೆ ಹೊರುವ ಮೊಲ ದೇವರ ಗುಡಿಯಿದೆ; ಅಲ್ಲಿಗೆ ಹೋಗುವುದನ್ನು ಅವರು ತಪ್ಪಿಸಲಿಲ್ಲ. ಮೆರವಣಿಗೆಯ ಸಂಜೆ ಮೇಷ್ಟ್ರು ಫೋನ್ ಮಾಡಿದರು: "ಅಮ್ಮಾ, ಇವತ್ತು ಇವರ ಕೈ ಹಿಡಿದುಕೊಂಡೇ ನಡೆದೆ. ರಸ್ತೆ ದಾಟುವುದಕ್ಕಲ್ಲ, ಸುಮ್ಮನೆ." ಗಾಂಧಿ ಬಜಾರಿನಲ್ಲಿ ಅವರು ಕೈ ಹಿಡಿದುಕೊಳ್ಳುತ್ತಿದ್ದದ್ದು ರಸ್ತೆ ದಾಟುವಾಗ ಮಾತ್ರ.

ಅಂದಿನಿಂದ ಹೆಚ್ಚಿನ ಪ್ರವಾಸಗಳನ್ನು ಯಾವುದಾದರೂ ಹಬ್ಬಕ್ಕೆ ಹೊಂದಿಸಿಯೇ ಗೊತ್ತುಮಾಡುತ್ತೇನೆ. ಊರಿನ ಬೀದಿಯೇ ನಮ್ಮವರಿಂದ ತುಂಬಿರುವ ದಿನಗಳಲ್ಲಿ ಮೊದಲ ಸಲ ಹೊರಟವರಿಗೂ ಅಳುಕು ಇರುವುದಿಲ್ಲ. ದರ ಏರಿರುತ್ತದೆ ನಿಜ, ನಾಲ್ಕೈದು ತಿಂಗಳು ಮೊದಲೇ ಕೋಣೆ ಹಿಡಿಯಬೇಕು. ಬ್ಯಾಂಕಾಕಿಗೆ ಏಪ್ರಿಲ್ 13ರಿಂದ 15ರ ಸೋಂಗ್‌ಕ್ರಾನ್ ನೀರಾಟ ಒಳ್ಳೆಯ ಕಾಲ. ಸೀಲೋಮ್ ರಸ್ತೆ ಅದರ ಒಂದು ಕೇಂದ್ರ, ಥಾಯ್ಲೆಂಡಿನಲ್ಲಿ 2025ರ ಜನವರಿ 23ರಿಂದ ಮದುವೆಯ ಸಮಾನತೆಯ ಕಾನೂನೂ ಜಾರಿಯಲ್ಲಿದೆ. ಬೆಂಗಳೂರಿನಿಂದ ಸುಮಾರು ನಾಲ್ಕು ಗಂಟೆಯ ದಾರಿ. ಕೈಯಲ್ಲಿ ಹಣವಿರುವವರಿಗೆ ಫೆಬ್ರುವರಿ–ಮಾರ್ಚಿನ ಸಿಡ್ನಿ ಮಾರ್ಡಿ ಗ್ರಾ. ಅದು 1978ರಲ್ಲಿ 53 ಮಂದಿಯ ಬಂಧನದೊಂದಿಗೆ ಆರಂಭವಾದ ಮೆರವಣಿಗೆ ಎಂಬುದನ್ನು ಹೋಗುವವರಿಗೆ ಹೇಳಿಯೇ ಕಳುಹಿಸುತ್ತೇನೆ. ಆಗಸ್ಟಿನ ಮೊದಲ ಶನಿವಾರ ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳಲ್ಲಿ ಮೆರವಣಿಗೆ ದೋಣಿಗಳ ಮೇಲೆಯೇ ಸಾಗುತ್ತದೆ. 2001ರ ಏಪ್ರಿಲ್ 1ರಂದು ಜಗತ್ತಿನ ಮೊದಲ ಇಂಥ ಕಾನೂನುಬದ್ಧ ಮದುವೆಗಳು ನಡೆದದ್ದು ಅದೇ ಊರಿನಲ್ಲಿ.

ಇಷ್ಟೆಲ್ಲ ದೂರದ ಊರುಗಳ ಮಾತಾಯಿತು. ಆದರೆ ನನ್ನಲ್ಲಿಗೆ ಬರುವ ಎಷ್ಟೋ ಜನರಿಗೆ ಬೆಂಗಳೂರೇ ಪ್ರವಾಸದ ಊರು. ನಮ್ಮಂಥವರಿಗಾಗಿ 1994ರಲ್ಲಿ 'ಗುಡ್ ಆಸ್ ಯು' ಬಳಗ, 1999ರಲ್ಲಿ 'ಸಂಗಮ' ಸಂಸ್ಥೆ ಹುಟ್ಟಿದ ನಗರ ಇದು. 2008ರಲ್ಲಿ ಆರಂಭವಾದ ಪ್ರೈಡ್ ಮೆರವಣಿಗೆ ಈಗ ಸಾಮಾನ್ಯವಾಗಿ ನವೆಂಬರಿನಲ್ಲಿ 'ನಮ್ಮ ಪ್ರೈಡ್' ಎಂಬ ಹೆಸರಿನಲ್ಲಿ ನಡೆಯುತ್ತದೆ. ಹಲವು ವರ್ಷ ಅದು ಮೆಜೆಸ್ಟಿಕ್ ಬಳಿಯ ತುಳಸಿ ತೋಟದಿಂದ ಹೊರಟು ಪುರಭವನದ ಮೆಟ್ಟಿಲುಗಳ ಮುಂದೆ ಸೇರಿದ್ದನ್ನು ಕಂಡಿದ್ದೇನೆ. ಹುಬ್ಬಳ್ಳಿ, ದಾವಣಗೆರೆ, ರಾಯಚೂರಿನಿಂದ ರಾತ್ರಿ ರೈಲಿನಲ್ಲಿ ಬರುವ ಹುಡುಗ ಹುಡುಗಿಯರಿಗೆ ಗಾಂಧಿನಗರದ ಲಾಡ್ಜುಗಳಲ್ಲಿ ಕೋಣೆ ಗೊತ್ತುಮಾಡುತ್ತೇನೆ, ಅದಕ್ಕೆ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಅಲ್ಲಿನ ಮ್ಯಾನೇಜರುಗಳು ಇಮೇಲು ನೋಡುವವರಲ್ಲವಾದ್ದರಿಂದ ನಾನೇ ಹೋಗಿ ಕೌಂಟರಿನಲ್ಲಿ ನಿಂತು ಹೇಳುತ್ತೇನೆ. ಕಳೆದ ಬಾರಿ ಒಬ್ಬ ಹಿರಿಯ ಮ್ಯಾನೇಜರು ರಿಜಿಸ್ಟರು ತೆರೆದಿಟ್ಟುಕೊಂಡು ನನ್ನ ಮಾತನ್ನು ಕೊನೆಯ ತನಕ ಕೇಳಿ, "ಎಷ್ಟು ಜೋಡಿ ಮೇಡಂ?" ಎಂದು ಮಾತ್ರ ಕೇಳಿದರು. ನಾಲ್ಕು ಎಂದೆ. ಅವರು ನಾಲ್ಕು ಕೀಲಿಗಳನ್ನು ತೆಗೆದು ಪಕ್ಕಕ್ಕಿಟ್ಟು, ರಾಯಚೂರಿನ ರೈಲು ಎಷ್ಟು ಹೊತ್ತಿಗೆ ಬರುತ್ತದೆಂದು ಬರೆದುಕೊಂಡರು.