ನನ್ನ ಅನುಭವ: ರಕ್ತಸಾಕ್ಷಿಗಳ ಕಥೆಯನ್ನು ಕೋರ್ಟ್ ಗುಮಾಸ್ತ ಓದಿದರೆ

ಕಾರ್ಕಳದ ಅತ್ತೂರು ಸಂತ ಲಾರೆನ್ಸ್ ಚರ್ಚಿನ ಹಬ್ಬ, ಸಾಂತ್‌ಮಾರಿಯ ಗದ್ದಲದಲ್ಲಿ ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಹಳೇ ಪರಿಚಯದ ಫಾದರ್ ಒಬ್ಬರು ಹಿಂದಿನಿಂದ ಕೇಳಿದರು, "ಶಿರಸ್ತೇದಾರ್ರೇ, ಮೂವತ್ತು ವರ್ಷ ಕೋರ್ಟಿನಲ್ಲಿ ಸಾಕ್ಷಿ ಬರೆದವರು ನೀವು. ಸಂತ ಲಾರೆನ್ಸರನ್ನು ಕಬ್ಬಿಣದ ಜಾಳಿಗೆಯ ಮೇಲೆ ಸುಟ್ಟದ್ದು ನಿಮ್ಮ ಲೆಕ್ಕದಲ್ಲಿ ಸಾಬೀತಾಗ್ತದಾ?" ಅವರು ತಮಾಷೆಗೆ ಕೇಳಿದ್ದು. ನಾನು ತಲೆಗೆ ಹಚ್ಚಿಕೊಂಡೆ. ರೋಮನ್ನರ ಕಾಲದಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಕ್ರೈಸ್ತರ, ಅಂದರೆ ರಕ್ತಸಾಕ್ಷಿಗಳ, ಕಥೆಗಳಲ್ಲಿ ಯಾವುದು ನಿಜ, ಯಾವುದು ಕಟ್ಟಿದ್ದು ಅಂತ ಹುಡುಕಲು ಕೂತೆ. ಅಲ್ಲಿಂದ ಮೂರೂವರೆ ವರ್ಷ ಹೋಯಿತು. ಜೊತೆಗೆ ನಲವತ್ತೆರಡೋ ನಲವತ್ತೈದೋ ಸಾವಿರ ರೂಪಾಯಿ. ಒಂದು ಕಪಾಟು ತುಂಬ ಜೆರಾಕ್ಸ್. "ಬೆಂಚ್ ಕ್ಲರ್ಕಿಗೆ ಲ್ಯಾಟಿನ್ ಯಾಕೆ ಮಾರಾಯ್ರೆ" ಅಂದವರೆಲ್ಲ ಈಗ ಸುಮ್ಮನಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಕಥೆಗಳನ್ನು ನನಗಿಂತ ಮೊದಲೇ ಸೋಸಿದ ಪಂಡಿತರು, ರುಯಿನಾರ್ಟ್ ಯಾರು, ಬೊಲ್ಯಾಂಡಿಸ್ಟರು ಏನು ಮಾಡಿದರು ಅಂತ ಹೇಳುತ್ತಾ ಕೂರುವುದಿಲ್ಲ. ಈ ಕಥೆಗಳನ್ನು ಕೆದಕುವವರಿಗೆ ಅದು ಗೊತ್ತು. ನಾನು ಎಲ್ಲೆಲ್ಲಿ ಬಿದ್ದೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಪವಾಡ ಇದ್ದರೆ ಸುಳ್ಳಿನ ಕಟ್ಟಿಗೆ, ಇಲ್ಲದಿದ್ದರೆ ನಿಜದ ಕಟ್ಟಿಗೆ. ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಪೆರ್ಪೆಟುವಾ ಬಂದಳು. ಉತ್ತರ ಆಫ್ರಿಕದ ಕಾರ್ತೇಜ್, 203ರ ಮಾರ್ಚ್, ಸೆರೆಯಲ್ಲಿದ್ದ ಇಪ್ಪತ್ತೆರಡರ ಬಾಣಂತಿ. ಕಥೆಯ ತುಂಬ ಕನಸು, ಆಕಾಶಕ್ಕೆ ಏಣಿ, ಏಣಿಯ ಬುಡದಲ್ಲಿ ಹಾವು. ನನ್ನ ನಿಯಮದಂತೆ ನೇರ ಸುಳ್ಳಿನ ಕಟ್ಟಿಗೆ ಹೋಗಬೇಕು. ಆದರೆ ನಡುವೆ ಒಂದು ಮಾತು ಉಂಟು. ಅವಳ ಅಪ್ಪ ಮಗುವನ್ನು ವಾಪಸ್ ಕೊಡಲಿಲ್ಲ. ಅಷ್ಟರಲ್ಲಿ ಮಗುವೂ ಹಾಲು ಬಿಟ್ಟಿತ್ತು, ತನಗೆ ಎದೆ ಬಾತು ನೋವೂ ಆಗಲಿಲ್ಲ ಅಂತ ಅವಳು ಬರೆಯುತ್ತಾಳೆ. ಇದನ್ನು ಯಾವ ಸನ್ಯಾಸಿ ಕೂತು ಕಲ್ಪಿಸಿಯಾನು? ನನ್ನ ಹೆಂಡತಿಗೆ ಓದಿ ಹೇಳಿದೆ. "ಇದು ಹೆತ್ತವಳ ಮಾತೇ" ಅಂದಳು. ಎರಡು ವಾರದ ಕೆಲಸ ನೀರಿಗೆ ಹೋಯಿತು.

ಎರಡನೇ ಸಲ ನನ್ನ ಕಸುಬಿನ ಅಹಂಕಾರವೇ ಕೆಡಿಸಿತು. ಚಿಕ್ಕದಾಗಿ, ಪ್ರಶ್ನೆ-ಉತ್ತರದ ರೂಪದಲ್ಲಿ ಇದ್ದದ್ದು ಹಳೆಯದು ಅಂತ ತೀರ್ಮಾನಿಸಿದೆ. ರೋಮಿನಲ್ಲಿ ಕೊಂದ ಕ್ರೈಸ್ತ ಚಿಂತಕ ಜಸ್ಟಿನನ ವಿಚಾರಣೆಯ ಮೂರು ಪಾಠಗಳಲ್ಲಿ, ಅಂದರೆ ಒಂದೇ ಬರಹದ ಮೂರು ರೂಪಗಳಲ್ಲಿ, ಅದು ಸರಿಯಾಗಿ ಕೂತಿತು. ಗಿಡ್ಡ ಪಾಠ ಹಳೆಯದು, ಉದ್ದದ್ದರಲ್ಲಿ ಭಾಷಣ ತುಂಬಿಸಿದ್ದಾರೆ. ಕಾಲರ್ ಮೇಲೆತ್ತಿಕೊಂಡು ಪೆರ್ಪೆಟುವಾಳ ಇನ್ನೊಂದು ಗಿಡ್ಡ ಪಾಠವನ್ನು ಮೊದಲ ದರ್ಜೆಗೆ, ಅಂದರೆ ನಂಬಬಹುದಾದ ಕಟ್ಟಿಗೆ, ಹಾಕಿದೆ. ಅದರಲ್ಲಿ ಚಂದದ ಪಾಟೀಸವಾಲು ಉಂಟು. ಉದ್ದ ಕಥೆಯಲ್ಲಿ ಅಷ್ಟು ಇಲ್ಲ. ಫಾದರ್ ನೋಡಿ ನಕ್ಕರು. "ಮೊದಲ ಸಾಲು ಓದಿದ್ರಾ?" ಅದರಲ್ಲಿ ಚಕ್ರವರ್ತಿಗಳು ವಲೇರಿಯನ್ ಮತ್ತು ಗಲ್ಲಿಯೇನಸ್. ಅಂದರೆ ಐವತ್ತು ವರ್ಷ ಆಚೆ! ಯಾರೋ ನಂತರ ಕೂತು ಉದ್ದ ಕಥೆಯನ್ನು ಸಂಕ್ಷೇಪಿಸಿ, ಕೋರ್ಟಿನ ದೃಶ್ಯವನ್ನು ತಾವೇ ಹೆಣೆದಿದ್ದಾರೆ. ಕೋರ್ಟಿನ ದಾಖಲೆಯಂತೆ ಕಾಣುವುದು ಬೇರೆ, ಕೋರ್ಟಿನ ದಾಖಲೆ ಆಗಿರುವುದು ಬೇರೆ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನಿಗೆ ಇದು ಹೊಳೆಯಲಿಲ್ಲ.

ಮೂರನೆಯದು ಅಧಿಕಾರಿಯ ಹೆಸರು. ಪ್ರಾಂತಾಧಿಕಾರಿಯ ಹೆಸರು ಶಾಸನಕ್ಕೋ ಬೇರೆ ಬರಹಕ್ಕೋ ತಾಳೆಯಾದರೆ ಪಾಸು, ಇಲ್ಲದಿದ್ದರೆ ಫೇಲು. ಇದೂ ನಿಲ್ಲಲಿಲ್ಲ. ಸಿಲ್ಲಿ ಅನ್ನುವ ಊರಿನ ಹನ್ನೆರಡು ಕ್ರೈಸ್ತರ ವಿಚಾರಣೆ ನೋಡಿ. 180ರ ಜುಲೈ 17, ಕಾರ್ತೇಜ್. ಇದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ. ಅಧಿಕಾರಿ ಸಾಟರ್ನಿನಸ್ ಅಂತ ಉಂಟು, ಕಾರ್ತೇಜಿನ ಕ್ರೈಸ್ತ ಲೇಖಕ ಟೆರ್ಟುಲಿಯನ್ ಕೂಡ ಅವನ ಹೆಸರು ಹೇಳುತ್ತಾನೆ. ಆದರೆ ವರ್ಷ ಗುರುತಿಸಲು ಬರೆಯುತ್ತಿದ್ದ ರೋಮಿನ ಹಿರಿಯ ಅಧಿಕಾರಿ, ಕಾನ್ಸಲ್‌ನ ಹೆಸರೇ ತಪ್ಪು. ಕಾಂಡಿಯಾನಸ್ ಇರಬೇಕಾದಲ್ಲಿ ಕ್ಲಾಡಿಯಾನಸ್. ಪೆರ್ಪೆಟುವಾಳಲ್ಲೂ ಹಾಗೆಯೇ, ಅವಳ ವಿಚಾರಣೆಗೆ ಮೊದಲೇ ಸತ್ತುಹೋದ ಅಧಿಕಾರಿಯ ಹೆಸರು ಕೆಟ್ಟಿದೆ. ಇತ್ತ ಹಸಿ ಸುಳ್ಳು ಕಥೆಗಳಲ್ಲಿ ಚಕ್ರವರ್ತಿಯ ಹೆಸರು ಅಚ್ಚುಕಟ್ಟು. ನನ್ನ ನಿಯಮ ಒಳ್ಳೆಯವರನ್ನು ಹೊರಗೆ ಹಾಕಿ ಕಳ್ಳರನ್ನು ಒಳಗೆ ಬಿಡುತ್ತಿತ್ತು.

ಅಲ್ಲೇ ನನಗೆ ರೆಕಾರ್ಡ್ ರೂಮಿನ ನೆನಪಾಯಿತು. ಒಂದು ಪ್ರಯೋಗ ಮಾಡಿದೆ. ನಾನೇ ಕಟ್ಟಿದ ಎರಡು ಪುಟದ ಸಾಕ್ಷಿ ಹೇಳಿಕೆಯನ್ನು, ಕೋರ್ಟಿನ ಎದುರು ಅರ್ಜಿ ಬರೆಯುವ ಇಬ್ಬರಿಗೂ ಕಾಲೇಜಿಗೆ ಹೋಗುವ ನಮ್ಮ ಪಕ್ಕದ ಮನೆಯ ಹುಡುಗನಿಗೂ ಕೈಯಲ್ಲಿ ನಕಲು ಮಾಡಲು ಕೊಟ್ಟೆ. ಒಬ್ಬನ ನಕಲನ್ನು ಇನ್ನೊಬ್ಬನಿಗೆ, ಅವನದ್ದನ್ನು ಮತ್ತೊಬ್ಬನಿಗೆ. ಹೀಗೆ ಏಳು ಸುತ್ತು. ತಲೆಗೆ ನೂರೈವತ್ತು, ಚಾ-ಬನ್ಸ್ ಬೇರೆ. ಕೊನೆಗೆ ನೋಡಿದರೆ ಸಾಕ್ಷಿಯ ಅಪ್ಪನ ಹೆಸರು ಬದಲಾಗಿತ್ತು, ಊರಿನ ಹೆಸರಂತೂ ಗುರುತೇ ಸಿಗುತ್ತಿರಲಿಲ್ಲ. ಪ್ರಶ್ನೆಗಳು, ಅವುಗಳ ಕ್ರಮ, ವಾಯಿದೆ ಕೊಟ್ಟದ್ದು ಮಾತ್ರ ಹಾಗೇ ಉಳಿದವು. ನಕಲು ಮಾಡುವವನು ಹೆಸರನ್ನು ಕೆಡಿಸುತ್ತಾನೆ. ಕಥೆ ಕಟ್ಟುವವನು ಹೆಸರನ್ನು ಸರಿಯಾಗಿ ಇಟ್ಟು ಕೆಲಸದ ರೀತಿಯನ್ನು ಕೆಡಿಸುತ್ತಾನೆ. ನನ್ನ ವಿಧಾನ ಅಂದರೆ ಇಷ್ಟೇ. ಹೆಸರು ತಪ್ಪಿದ್ದರೆ ನಾನು ಹೆದರುವುದಿಲ್ಲ. ಕೋರ್ಟು ಕೋರ್ಟಿನಂತೆ ನಡೆಯದಿದ್ದರೆ ಹೆದರುತ್ತೇನೆ.

ಆಮೇಲೆ ಎಲ್ಲವನ್ನೂ ಆರ್ಡರ್ ಶೀಟಿನಂತೆ ಬಿಡಿಸಿದೆ. ಪ್ರತಿ ಕಥೆಗೂ ಒಂದು ಹಾಳೆ, ಹನ್ನೊಂದು ಖಾನೆ. ತಾರೀಖು, ಜಾಗ, ಯಾರು ಕೇಳಿದ್ದು, ಏನು ಕೇಳಿದ್ದು, ಕಾಲಾವಕಾಶ ಕೊಟ್ಟನೇ, ತೀರ್ಪು ಓದಿದ್ದು ಹೇಗೆ, ಕಥೆಗೆ ಬೇಡದ ವಿವರ ಏನಾದರೂ ಉಂಟೇ, ಇತ್ಯಾದಿ. ಹನ್ನೊಂದನೇ ಖಾನೆ ಯಾವುದು ಅಂತ ಹೇಳುವುದಿಲ್ಲ. ಫಾದರಿಗೂ ಹೇಳಿಲ್ಲ.

ಹೋಲಿಸಲು ಅಸಲಿ ಸರ್ಕಾರಿ ಕಾಗದ ಬೇಕಲ್ವಾ? ಅದಕ್ಕೆ ಈಜಿಪ್ಟಿನ ಪಪೈರಸ್‌ಗಳು, ಅಂದರೆ ಜೊಂಡಿನ ಕಾಗದಗಳು. ರೋಮಿನ ಡೀಸಿಯಸ್ ಚಕ್ರವರ್ತಿ ಎಲ್ಲರೂ ದೇವರಿಗೆ ಬಲಿ ಕೊಡಬೇಕು ಅಂದಾಗ ಜನ ಬರೆಸಿಕೊಂಡ ಸರ್ಟಿಫಿಕೇಟುಗಳು ನಲವತ್ತಕ್ಕೂ ಜಾಸ್ತಿ ಸಿಕ್ಕಿವೆ. ಒಂದರಲ್ಲಿ ಔರೇಲಿಯಸ್ ಡಯೋಜಿನಿಸ್ ಅನ್ನುವ ಮುದುಕ, ವಯಸ್ಸು 72, ಬಲ ಹುಬ್ಬಿನ ಮೇಲೆ ಗಾಯದ ಕಲೆ. 250ರ ಜೂನ್ ತಿಂಗಳಿನದ್ದು. ನಮ್ಮ ಅಫಿಡವಿಟ್ಟಿನ ಗುರುತು ಚಿಹ್ನೆಯೇ! ಇಂಥವು ಕೆಲವು ಸಿಕ್ಕಿದ್ದು ಈಜಿಪ್ಟಿನ ಹಳೇ ಊರು ಆಕ್ಸಿರಿಂಕಸ್‌ನಲ್ಲಿ. ಕನ್ನಡ ಮಾತು ಉಂಟು ಅಂತ ಗೋವಿಂದ ಪೈಗಳೂ ವಾದಿಸಿದ ಆ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅಲ್ಲೇ. ಆ ಪ್ರಹಸನದ ಹಿಂದೆ ಹೋಗಿ ನಾನು ಎರಡು ತಿಂಗಳು ಹಾಳು ಮಾಡಿದೆ. ಏನೂ ಸಿಗಲಿಲ್ಲ, ಬಿಡಿ.

ಖಾನೆ ತುಂಬುತ್ತಾ ಹೋದಂತೆ ಖುಷಿಯಾಯಿತು. ಕಾರ್ತೇಜಿನ ಸಿಪ್ರಿಯನ್ ಬಿಷಪ್ಪರ ಕೇಸು ನೋಡಿ. 258ರ ಸೆಪ್ಟೆಂಬರ್ 13ಕ್ಕೆ ಹಿಡಿದು ತಂದರು. ಆದರೆ ಕೇಸು ಮರುದಿನಕ್ಕೆ ಹೋಯಿತು. ಯಾಕೆ? ಅಧಿಕಾರಿ ಗಲೇರಿಯಸ್ ಮ್ಯಾಕ್ಸಿಮಸ್‌ಗೆ ಹುಷಾರಿಲ್ಲ, ಸುಧಾರಿಸಿಕೊಳ್ಳಲು ಊರ ಹೊರಗೆ ಇದ್ದ. "ಸಾಹೇಬರು ರಜೆ, ಮುಂದಿನ ವಾಯಿದೆ." ನನ್ನ ಜೀವಮಾನದಲ್ಲಿ ಎಷ್ಟು ಸಲ ಬರೆದಿಲ್ಲ ಈ ಸಾಲನ್ನು! ಸಂತನ ಮಹಿಮೆಗೆ ಇದರಿಂದ ಏನೂ ಲಾಭವಿಲ್ಲ. ತೀರ್ಪನ್ನು ಹಲಗೆಯಿಂದ ಓದಿದರು. ಕೊಲ್ಲುವವನಿಗೆ 25 ಚಿನ್ನದ ನಾಣ್ಯ ಕೊಡಿ ಅಂತ ಸಿಪ್ರಿಯನ್ ಹೇಳಿದರು. ಹೀಗೆ ಇದ್ದರೆ ನಾನು ಕಣ್ಣು ಮುಚ್ಚಿ ಮೊಹರು ಒತ್ತುತ್ತೇನೆ.

ಈಜಿಪ್ಟಿನ ಥೀಬ್ಸ್‌ನ ಕ್ರೈಸ್ತ ಸೈನ್ಯದ ಕಥೆ ಇದಕ್ಕೆ ತದ್ವಿರುದ್ಧ. 6,600 ಸೈನಿಕರು ಒಟ್ಟಿಗೆ ಪ್ರಾಣ ಕೊಟ್ಟರಂತೆ. ಬರೆದದ್ದು ಲಿಯೋನಿನ ಬಿಷಪ್ ಯೂಕೀರಿಯಸ್, ಸುಮಾರು ನೂರೈವತ್ತು ವರ್ಷ ಆದಮೇಲೆ. ಹನ್ನೊಂದು ಖಾನೆಯಲ್ಲಿ ಎರಡು ಮಾತ್ರ ತುಂಬಿತು.

ಫಾದರಿಗೆ ಇನ್ನೂ ನಂಬಿಕೆ ಇರಲಿಲ್ಲ. ಪರೀಕ್ಷೆ ಇಟ್ಟರು. ಹೆಸರು, ಊರು ಎಲ್ಲ ಅಳಿಸಿ ಇಪ್ಪತ್ತನಾಲ್ಕು ಕಥೆ ಕೊಟ್ಟರು. ನಾನು ಒಂದು ವಾರದಲ್ಲಿ ಮೂರು ಕಟ್ಟು ಮಾಡಿದೆ. ವಿದ್ವಾಂಸರ ಅಭಿಪ್ರಾಯಕ್ಕೆ ಹತ್ತೊಂಬತ್ತೋ ಇಪ್ಪತ್ತೋ ತಾಳೆಯಾದವು. ಅದರಲ್ಲಿ ಒಂದು ಲ್ಯಾಟಿನ್ ಕಥೆಯನ್ನು ನಾನು ಮೊದಲ ದರ್ಜೆಗೆ ಹಾಕಿದ್ದೆ. ಆರೋಪಿ ಶ್ರೀಮಂತ. ಅಧಿಕಾರಿ ಅವನಿಗೆ ಹೇಳುತ್ತಾನೆ, ನೀನು ಬಡ ರೈತನಾಗಿದ್ದರೆ ಬಿಡುತ್ತಿರಲಿಲ್ಲ, ಒಂದು ಊರನ್ನೇ ಸಾಕುವಷ್ಟು ನಿನ್ನಲ್ಲಿ ಉಂಟು, ಬಲಿ ಕೊಟ್ಟು ಬದುಕಿಕೋ ಅಂತ. ವಕೀಲರು ಬೇರೆ ಕಕ್ಷಿದಾರನಿಗಾಗಿ ಬೇಡಿಕೊಳ್ಳುತ್ತಾರೆ, ಕಕ್ಷಿದಾರನೇ ಬೇಡ ಅನ್ನುತ್ತಾನೆ. ಕಕ್ಷಿದಾರನಿಗೂ ವಕೀಲರಿಗೂ ಹೀಗೆ ತಾಳ ತಪ್ಪುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಫಾದರ್ ಏನೂ ಹೇಳದೆ ಒಂದು ಫೋಟೊ ತೋರಿಸಿದರು. ಬೋಡ್ಮರ್ ಸಂಗ್ರಹದ ಪಪೈರಸ್. ಅದು ಈಜಿಪ್ಟಿನ ಊರು ಥ್ಮೂಯಿಸ್‌ನ ಬಿಷಪ್ ಫಿಲಿಯಾಸನ ಕೇಸು, ಅಧಿಕಾರಿ ಈಜಿಪ್ಟಿನ ಕುಲ್ಸಿಯಾನಸ್. ಫಿಲಿಯಾಸ್ ಸತ್ತ ಅದೇ ನಾಲ್ಕನೇ ಶತಮಾನದ ಗ್ರೀಕ್ ಪ್ರತಿ! ಲ್ಯಾಟಿನ್ನಿಗೂ ಅದಕ್ಕೂ ಅಲ್ಲಲ್ಲಿ ವ್ಯತ್ಯಾಸ ಉಂಟು. ಆದರೆ ರೈತನ ಮಾತು ಅಲ್ಲೂ ಇದೆ, ವಕೀಲರೂ ಇದ್ದಾರೆ. ಆ ದಿನ ಫಾದರೇ ಕಾಫಿ ಮಾಡಿ ಕೊಟ್ಟರು.

ಇನ್ನು ಲಾರೆನ್ಸ್, ರೋಮಿನ ಒಬ್ಬ ಡೀಕನ್, ಅಂದರೆ ಪಾದ್ರಿಗಿಂತ ಕೆಳಗಿನ ಚರ್ಚ್ ಸೇವಕ. ಸತ್ತ ದಿನ 258ರ ಆಗಸ್ಟ್ 10, ಸಮಾಧಿ ರೋಮಿನ ಟಿಬುರ್ಟಿನಾ ರಸ್ತೆಯಲ್ಲಿ. ದಿನವೂ ಜಾಗವೂ ರೋಮಿನ 354ರ ಪಂಚಾಂಗದಲ್ಲೇ ಉಂಟು, ಗಟ್ಟಿ. ನಾಲ್ಕು ದಿನ ಮೊದಲು ಪೋಪ್ ಸಿಕ್ಸ್ಟಸ್‌ರನ್ನೂ ನಾಲ್ವರು ಡೀಕನ್‌ಗಳನ್ನೂ ಕೊಂದದ್ದು ಸಿಪ್ರಿಯನ್ನರ ಪತ್ರದಲ್ಲಿದೆ. ಬಿಷಪ್, ಪಾದ್ರಿ, ಡೀಕನ್‌ಗಳನ್ನು ಕೂಡಲೇ ಕೊಲ್ಲಿ ಅಂತ ವಲೇರಿಯನ್ನನ ಆದೇಶ ಅಂತಲೂ ಅದರಲ್ಲಿದೆ. ಕೂಡಲೇ ಅಂದಮೇಲೆ ನಿಧಾನಕ್ಕೆ ಹುರಿಯುವುದು ಎಲ್ಲಿಂದ ಬಂತು? ಜಾಳಿಗೆಯ ಮಾತು ಬರುವುದು ಮಿಲಾನಿನ ಬಿಷಪ್ ಆಂಬ್ರೋಸರ ಬರಹದಲ್ಲಿ, ನೂರಿಪ್ಪತ್ತು-ಮೂವತ್ತು ವರ್ಷ ಕಳೆದು. ನಕಲು ಮಾಡಿದವನು ಲ್ಯಾಟಿನ್ನಿನ 'ಪಸ್ಸುಸ್' ಅನ್ನುವುದರ ಮೊದಲ ಅಕ್ಷರ ಬಿಟ್ಟು 'ಅಸ್ಸುಸ್' ಬರೆದ, ಯಾತನೆ ಪಟ್ಟವನು ಬೆಂಕಿಯಲ್ಲಿ ಹುರಿಯಲ್ಪಟ್ಟವನಾದ ಅಂತ ಒಂದು ವಾದ ಉಂಟು. ಕೇಳಲು ಭಾರೀ ಚಂದ. ಆದರೆ ನನ್ನ ಏಳು ಸುತ್ತಿನಲ್ಲಿ ಒಬ್ಬನೂ ಪದದ ಮೊದಲ ಅಕ್ಷರ ನುಂಗಲಿಲ್ಲ, ನುಂಗಿದ್ದೆಲ್ಲ ನಡುವೆ, ಕೊನೆಗೆ. ಹಾಗಾಗಿ ನಾನು ಅದನ್ನೂ ಒಪ್ಪಲಿಲ್ಲ. ಸಾವು ಸಾಬೀತು, ಜಾಳಿಗೆ ಇಲ್ಲ. ಫಾದರ್ ಕೇಳಿದರು, "ಹಾಗಾದ್ರೆ ಮೂರ್ತಿಯ ಕೈಯಿಂದ ಜಾಳಿಗೆ ತೆಗೀಬೇಕಾ?" ಅದು ನನ್ನ ಇಲಾಖೆ ಅಲ್ಲ ಫಾದರ್ ಅಂದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಲ್ಯಾಟಿನ್ ಪಾಠಕ್ಕೆ ಗಂಟೆಗೆ ಮುನ್ನೂರರಂತೆ ಹದಿನೆಂಟು ಸಾವಿರ ಹೋಗಿರಬಹುದು. ಪುಸ್ತಕಕ್ಕೆ ಇಪ್ಪತ್ತರ ಹತ್ತಿರ. ಅದರಲ್ಲಿ ಐದು ಸಾವಿರ ಪೂರ್ತಿ ದಂಡ. ವಿದೇಶದ ಅಂಗಡಿಯೊಂದು ಮೂಲ ಸಹಿತ ಅಂತ ಹೇಳಿ ಬರೀ ಅನುವಾದ ಕಳಿಸಿತು, ವಾಪಸ್ ತಗೊಳ್ಳಲಿಲ್ಲ. ಮೊದಲೇ ಹಳೇ ಆವೃತ್ತಿಗಳ ಉಚಿತ ಸ್ಕ್ಯಾನ್ ಹುಡುಕಿ, ಮುಕ್ಕಾಲು ಕೆಲಸ ಅದರಲ್ಲೇ ಆಗ್ತದೆ.

ಸ್ಮಿರ್ನಾದ ಮುದಿ ಬಿಷಪ್ ಪಾಲಿಕಾರ್ಪನ ಕಟ್ಟು ಮಾತ್ರ ಇನ್ನೂ ಮೇಜಿನ ಮೇಲೆಯೇ ಉಂಟು. ಇರಿದಾಗ ದೇಹದಿಂದ ಪಾರಿವಾಳ ಹಾರಿತು ಅಂತ ಹಸ್ತಪ್ರತಿಗಳಲ್ಲಿದೆ, ಚರ್ಚಿನ ಚರಿತ್ರೆ ಬರೆದ ಯುಸೀಬಿಯಸ್ ಕೊಟ್ಟ ಪಾಠದಲ್ಲಿ ಇಲ್ಲ. ಆ ಪಾರಿವಾಳ ನನಗೆ ದೊಡ್ಡ ತೊಂದರೆಯಲ್ಲ. ಸ್ಟೇಡಿಯಮ್ಮಿನಲ್ಲಿ ಜನರ ಬೊಬ್ಬೆಯ ನಡುವೆ ವಿಚಾರಣೆ, ಔಪಚಾರಿಕ ತೀರ್ಪೇ ಇಲ್ಲ. ಆದರೂ "86 ವರ್ಷ ಅವನ (ಕ್ರಿಸ್ತನ) ಸೇವೆ ಮಾಡಿದ್ದೇನೆ" ಅನ್ನುವ ಮುದುಕನ ಉತ್ತರ ಓದಿದಾಗ ಪೆನ್ನು ಮುಂದೆ ಹೋಗುವುದಿಲ್ಲ. ಆರು ಸಲ ಹಾಳೆ ತುಂಬಿದೆ, ಆರು ಸಲವೂ ಬೇರೆ ಬೇರೆ ದರ್ಜೆ ಬಂತು. ಸದ್ಯಕ್ಕೆ ಮೇಲೆ ಸೀಸದ ಪೆನ್ಸಿಲಿನಲ್ಲಿ 'ವಾಯಿದೆ' ಅಂತ ಬರೆದು ಇಟ್ಟಿದ್ದೇನೆ.